ತಮ್ಮ ಪ್ರಶ್ನೆಗೆ ತಾವೇ ಉತ್ತರಿಸುತ್ತಿದ್ದ ಬೋಧಕರು

ಹದಿನಾರು ವರ್ಷ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದು, ಎರಡು ವರ್ಷಗಳ ಹಿಂದೆ ವೃತ್ತಿ ತರಬೇತಿ ಕಾಲೇಜೊಂದಕ್ಕೆ ಬೋಧಕರಾಗಿ ಸೇರಿದವರು ಅವರು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಆಪ್ತಸಲಹೆಗಾಗಿ ನನ್ನ ಬಳಿ ಬಂದದ್ದು ರಾತ್ರಿ ನಿದ್ದೆ ಬರುವುದಿಲ್ಲವೆಂದು. ಮಾತು ಶುರುವಾಗಿ ಹತ್ತು ನಿಮಿಷವಾಗುವಷ್ಟರಲ್ಲಿ ಒಳಗಿದ್ದದ್ದು ಹೊರಗೆ ಬಂತು.

“ಮೇಡಂ, ಸಂಜೆಯ ಬ್ಯಾಚಿಗೆ 26 ಜನ ಸೇರಿದ್ದರು. ಐದನೇ ವಾರಕ್ಕೇ 15 ಜನ ಬಂದರೆ ಹೆಚ್ಚು ಎಂಬಂತಾಗಿದೆ. ಬಂದವರಲ್ಲೂ ಅರ್ಧ ಜನ ಮೊಬೈಲ್ ನೋಡುತ್ತಿರುತ್ತಾರೆ, ಉಳಿದವರು ತೂಕಡಿಸುತ್ತಾರೆ. ಕಲಿಯುವ ಮನಸ್ಸೇ ಇಲ್ಲದವರಿಗೆ ನಾನು ಏನನ್ನು ಕಲಿಸಲಿ?”

‘ಕಲಿಯುವ ಮನಸ್ಸಿಲ್ಲ’ ಎಂಬ ಮಾತನ್ನು ನಾನು ಸುಲಭವಾಗಿ ಒಪ್ಪುವವಳಲ್ಲ. ಹಗಲಿಡೀ ದುಡಿದು, ದುಡಿದದ್ದರಲ್ಲೇ ಶುಲ್ಕ ಕಟ್ಟಿ, ಮನೆಗೆ ಹೋಗಿ ಮಲಗುವುದನ್ನು ಬಿಟ್ಟು ತರಗತಿಗೆ ಬಂದು ಕೂರುವವರಿಗೆ ಮನಸ್ಸಿಲ್ಲವೆಂದರೆ ಹೇಗೆ? ಒಬ್ಬೊಬ್ಬರ ಬಗ್ಗೆಯೂ ಹೇಳಿ ಎಂದು ಕೇಳಿದೆ. ಮೂವರ ವಿಷಯ ಅವರಿಗೆ ಚೆನ್ನಾಗಿ ಗೊತ್ತಿತ್ತು. ಮಿಕ್ಕವರ ಬಗ್ಗೆ ಕೇಳಿದಾಗ, “ಅವರು ಬಾಯಿಯನ್ನೇ ಬಿಡುವುದಿಲ್ಲ” ಎಂದರು.

ಆ ಮೌನ ಎಲ್ಲಿಂದ ಬರುತ್ತಿದೆ ಎಂದು ತಿಳಿಯಬೇಕಿತ್ತು. ಎರಡನೇ ಭೇಟಿಯಲ್ಲಿ, ನಾನೇ ವಿದ್ಯಾರ್ಥಿನಿ ಎಂದುಕೊಂಡು ಪಾಠ ಮಾಡಿ ಎಂದೆ. ನನ್ನ ಕೋಣೆಯ ಬೋರ್ಡಿನ ಮೇಲೆ ಮೋಟಾರ್ ಸ್ಟಾರ್ಟರಿನ ಚಿತ್ರ ಬರೆದರು. ಎಷ್ಟು ಅಚ್ಚುಕಟ್ಟಾದ ಚಿತ್ರ! ನನ್ನ ಕಡೆ ತಿರುಗಿ, “ಸ್ಟಾರ್ಟ್ ಬಟನ್‌ನಿಂದ ಬೆರಳು ತೆಗೆದರೂ ಮೋಟಾರ್ ಏಕೆ ನಿಲ್ಲುವುದಿಲ್ಲ?” ಎಂದು ಕೇಳಿದರು. ನಾನು ಯೋಚಿಸಲು ಚಿತ್ರದ ಕಡೆ ನೋಡಿದೆನಷ್ಟೇ, “ಏಕೆಂದರೆ ಹೋಲ್ಡಿಂಗ್ ಕಾಂಟ್ಯಾಕ್ಟ್...” ಎಂದು, ಬಟನ್ ಬಿಟ್ಟ ಮೇಲೂ ವಿದ್ಯುತ್ತಿನ ದಾರಿಯನ್ನು ಹಿಡಿದಿಡುವ ಆ ಸಂಪರ್ಕದ ಹೆಸರು ಹಿಡಿದು ಉತ್ತರವನ್ನೂ ಹೇಳಿ ಮುಗಿಸಿದ್ದರು. ಇಪ್ಪತ್ತು ನಿಮಿಷದಲ್ಲಿ ಏಳು ಪ್ರಶ್ನೆ ಕೇಳಿದರು. ಏಳಕ್ಕೂ ಉತ್ತರ ಅವರದೇ.

ತರಗತಿಗಳ ಧ್ವನಿಮುದ್ರಣಗಳನ್ನು ಕೇಳಿ ಅಧ್ಯಯನ ಮಾಡಿದ ಅಮೆರಿಕದ ಮೇರಿ ಬಡ್ ರೋ ಅವರು, ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸಾಮಾನ್ಯವಾಗಿ ಕಾಯುವುದು ಸುಮಾರು ಒಂದು ಸೆಕೆಂಡ್ ಮಾತ್ರ ಎಂದು ಕಂಡುಕೊಂಡಿದ್ದರು. ಮೂರು ಸೆಕೆಂಡ್ ಕಾದರೆ ಸಾಕು, ಉತ್ತರಗಳು ಉದ್ದವಾಗುತ್ತವೆ, ಸುಮ್ಮನೆ ಕೂತವರೂ ಮಾತಿಗೆ ಬರುತ್ತಾರೆ. ಇದನ್ನು ಹೇಳಿದಾಗ ಬೋಧಕರು ಮಾರ್ಕರ್ ಕೆಳಗಿಟ್ಟು ಸ್ವಲ್ಪ ಹೊತ್ತು ಏನೂ ಮಾತನಾಡಲಿಲ್ಲ. ಆಮೇಲೆ, “ತರಗತಿ ಮೌನವಾದರೆ ನನಗೆ ಪಾಠ ಮಾಡಲು ಬರುವುದಿಲ್ಲ ಎಂದುಕೊಳ್ಳುತ್ತಾರೇನೋ ಎಂಬ ಅಂಜಿಕೆ” ಎಂದರು. ಕಸುಬು ಬಲ್ಲವರೆಂದು ಕರೆತಂದು, ಕಲಿಸುವ ಬಗೆಯನ್ನು ಒಂದು ದಿನವೂ ತಿಳಿಸಿಕೊಡದೆ ತರಗತಿಗೆ ದೂಡಿದರೆ ಯಾರಿಗಾದರೂ ಆಗುವುದು ಇದೇ. ಇದರಲ್ಲಿ ಅವರ ತಪ್ಪಿಲ್ಲ ಎಂದು ಬಿಡಿಸಿ ಹೇಳಿದೆ.

ಬೆಂಚಿನ ಆಚೆಗೂ ಅಂಜಿಕೆಯೇ ಕೂತಿತ್ತು. ಶಾಲೆಯಲ್ಲಿ ನಪಾಸಾಗಿ ಓದು ಬಿಟ್ಟವರು, ಹತ್ತಿಪ್ಪತ್ತು ವರ್ಷ ಪುಸ್ತಕ ಮುಟ್ಟದವರು ಆ ಬ್ಯಾಚಿನಲ್ಲಿದ್ದರು. ಅವರಿಗೆ ಮೊದಲ ಆರು ವಾರ ಬರೀ ಥಿಯರಿ. ಸೋತ ಬೆಂಚಿನ ಮೇಲೆ ಅವರನ್ನು ಮತ್ತೆ ಕೂರಿಸಿದ ಹಾಗಾಗಿತ್ತು. ಕಷ್ಟಪಟ್ಟರೆ ಒಳ್ಳೆಯ ಕೆಲಸ ಸಿಗುತ್ತದೆ ಎಂದು ಬೋಧಕರು ದಿನವೂ ಹುರಿದುಂಬಿಸುತ್ತಿದ್ದರು, ನಿಜ. ಆದರೆ ‘ಇದು ನನ್ನಿಂದ ಆಗುತ್ತದೆ’ ಎಂಬ ನಂಬಿಕೆಯನ್ನು ಕುರಿತು 1977ರಲ್ಲಿ ಬರೆದ ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ, ಅದಕ್ಕೆ ಅತಿ ಹೆಚ್ಚು ಬಲ ಕೊಡುವುದು ಸ್ವತಃ ಮಾಡಿ ಗೆದ್ದ ಅನುಭವ ಎಂದರು. ಮಾತಿನ ಪ್ರೋತ್ಸಾಹಕ್ಕೆ ಅಷ್ಟು ಬಲವಿಲ್ಲ.

ಹಾಗಾಗಿ ನನ್ನ ಸಲಹೆ ಅಲ್ಲಿಂದಲೇ ಹೊರಟಿತು: ಥಿಯರಿಗಿಂತ ಮೊದಲು ಕೆಟ್ಟುಹೋದ ಒಂದು ಸರ್ಕ್ಯೂಟ್ ಬೋರ್ಡ್ ಕೊಡಿ. ಬೋರ್ಡನ್ನು ರೂಪಿಸಿದವರು ಅವರೇ. 24 ವೋಲ್ಟಿನ ಸರ್ಕ್ಯೂಟ್, ಮೋಟಾರಿನ ಬದಲು ಒಂದು ದೀಪ, ಹೋಲ್ಡಿಂಗ್ ಕಾಂಟ್ಯಾಕ್ಟಿನ ತಂತಿ ಮಾತ್ರ ಬಿಚ್ಚಿಟ್ಟದ್ದು. ಇಬ್ಬಿಬ್ಬರಿಗೆ ಒಂದು ಬೋರ್ಡ್, ಅರ್ಧ ಗಂಟೆ ಸಮಯ; ಪಾಠ ಆಮೇಲೆ. ಪಠ್ಯಕ್ರಮ ಮುಗಿಯುವುದಿಲ್ಲ ಎಂದು ಅವರು ಆಕ್ಷೇಪಿಸಿದರು. ಹನ್ನೊಂದು ಕುರ್ಚಿ ಖಾಲಿಯಿರುವ ಕೋಣೆಯಲ್ಲಿ ಮುಗಿದ ಪಠ್ಯಕ್ರಮ ಯಾರಿಗಾಗಿ ಎಂದು ಕೇಳಿದೆ. ಒರಟಾಗಿ ಕೇಳಿಸಿರಬಹುದು, ಆದರೆ ಆಗ ಅದನ್ನು ಹೇಳಲೇಬೇಕಿತ್ತು.

ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ನಾಲ್ಕರವರೆಗೆ ಎಣಿಸಿ ಎಂದೆ. ಕೆಲಸ ತಪ್ಪಾದಾಗ “ನಿಮಗೆ ಗಮನವಿಲ್ಲ” ಎನ್ನದೆ, “ಈ ಲಗ್ (ತಂತಿಯ ತುದಿಯ ಲೋಹದ ಕೊಂಡಿ) ಸಡಿಲವಾಗಿದೆ, ಎಳೆದು ನೋಡಿ” ಎನ್ನಿ ಎಂದೂ ಹೇಳಿದೆ. ಇದು ಸಣ್ಣ ವ್ಯತ್ಯಾಸವಲ್ಲ. ಕ್ಲೂಗರ್ ಮತ್ತು ಡಿನೀಸಿ ಎಂಬ ಸಂಶೋಧಕರು 1996ರಲ್ಲಿ ಹಲವು ಹಳೆಯ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮೂರರಲ್ಲಿ ಒಂದಕ್ಕೂ ಹೆಚ್ಚು ಸಂದರ್ಭಗಳಲ್ಲಿ ಹಿಮ್ಮಾಹಿತಿಯಿಂದ (ಫೀಡ್‌ಬ್ಯಾಕ್) ಕೆಲಸ ಇನ್ನೂ ಕೆಟ್ಟಿತ್ತು. ಮಾತು ಕೆಲಸವನ್ನು ಬಿಟ್ಟು ವ್ಯಕ್ತಿಯ ಕಡೆ ತಿರುಗಿದಷ್ಟೂ ಉಪಯೋಗ ಕಡಿಮೆ ಎಂಬುದು ಅವರ ವಿವರಣೆ. ಬರುವುದನ್ನು ಬಿಟ್ಟವರಿಗೆ ತಾವೇ ಫೋನ್ ಮಾಡಲು ಬೋಧಕರು ಒಪ್ಪಿದರು. ನಿದ್ದೆಯ ವಿಷಯವನ್ನು ಸದ್ಯಕ್ಕೆ ಬದಿಗಿಟ್ಟೆವು.

ಐದು ವಾರದ ನಂತರ ಬಂದು ಅವರು ಹೇಳಿದ್ದು ಇದು. ಮೊದಲ ಐದು ನಿಮಿಷ ಬೋರ್ಡನ್ನು ಯಾರೂ ಮುಟ್ಟಲಿಲ್ಲ. ತಾನೇ ಮಾಡಿ ತೋರಿಸಿಬಿಡುತ್ತೇನೆಂಬ ಭಯಕ್ಕೆ ಅವರು ಎರಡೂ ಕೈಗಳನ್ನು ಜೇಬಿನಲ್ಲಿ ಇಟ್ಟುಕೊಂಡು ನಿಂತರು. ಅಲ್ಲಿಯವರೆಗೆ ಹಾಜರಿ ಹೇಳುವುದಕ್ಕಷ್ಟೇ ಬಾಯಿ ಬಿಡುತ್ತಿದ್ದ, ನಲವತ್ತರ ಆಸುಪಾಸಿನ ಹೆಂಗಸೊಬ್ಬರು ಬಟನ್ ಒತ್ತಿದರು. ಬಿಟ್ಟರು. ಮತ್ತೆ ಒತ್ತಿ, ವಿದ್ಯುತ್ತಿನಿಂದ ನಡೆಯುವ ಸ್ವಿಚ್ಚಾದ ಕಾಂಟ್ಯಾಕ್ಟರಿನ ಟಕ್ ಎಂಬ ಸದ್ದಿಗೆ ಕಿವಿಗೊಟ್ಟರು. “ಬೆರಳು ಬಿಟ್ಟ ಕೂಡಲೇ ಇದೂ ಬಿಟ್ಟುಬಿಡುತ್ತಿದೆ, ಸರ್. ಇದನ್ನು ಹಿಡಿದುಕೊಳ್ಳಲು ಏನೋ ಬೇಕು, ಅದು ಇಲ್ಲಿ ಇಲ್ಲ.” ಹೋಲ್ಡಿಂಗ್ ಎಂಬ ಹೆಸರನ್ನು ಆ ದಿನ ಯಾರಿಗೂ ಬಾಯಿಪಾಠ ಮಾಡಿಸಬೇಕಾಗಲಿಲ್ಲ. ಇದನ್ನು ಹೇಳುವಾಗ ಬೋಧಕರ ಕಣ್ಣು ತೇವವಾಗಿತ್ತು.

ಈಗ 19 ಜನ ಬರುತ್ತಿದ್ದಾರೆ. ಫೋನ್ ಮಾಡಿದಾಗ ಇಬ್ಬರು ತಮ್ಮ ಪಾಳಿ ಬದಲಾಗಿದೆ ಎಂದರು. ಬೆಳಗಿನ ಬ್ಯಾಚಿಗೆ ಸೇರಿಸಿಕೊಳ್ಳಲು ಕಾಲೇಜು ಒಪ್ಪಿದೆ. ಉಳಿದ ಐವರು ಫೋನ್ ಎತ್ತಲಿಲ್ಲ. ರಾತ್ರಿ ಪಾಳಿಯ ಹುಡುಗನೊಬ್ಬ ಈಗಲೂ ತೂಕಡಿಸುತ್ತಾನೆ, ಕೈಯಲ್ಲಿ ಕೆಲಸವಿದ್ದಾಗ ಮಾತ್ರ ಇಲ್ಲ. ಮಾತಿನ ಭರದಲ್ಲಿ ಬೋಧಕರು ತಾವೇ ಉತ್ತರ ಹೇಳಿಬಿಡುವುದೂ ಪೂರ್ತಿ ನಿಂತಿಲ್ಲ. ವಿದ್ಯಾರ್ಥಿಗಳ ಒಪ್ಪಿಗೆ ಪಡೆದು ಅರ್ಧ ಗಂಟೆಯ ಪಾಠವನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ ತರಲು ಹೇಳಿದ್ದೇನೆ. ಮುಂದಿನ ಭೇಟಿಯಲ್ಲಿ ಇಬ್ಬರೂ ಕೂತು ಅದನ್ನು ಕೇಳುತ್ತೇವೆ.