ಸೇವೆಯ ಹೊಣೆ ಹೊತ್ತ ತಾಯಿ, ಕೂಟಕ್ಕೆ ಬರಲೊಲ್ಲದ ಮಗಳು: ಒಂದು ಆಪ್ತಸಲಹೆ ಪ್ರಕರಣ

ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ದಾಖಲಿಸುತ್ತಿದ್ದೇನೆ. ನಲವತ್ತರ ಆಸುಪಾಸಿನ ಮಹಿಳೆಯೊಬ್ಬರು ನಿದ್ರಾಹೀನತೆಯನ್ನೂ, ಸಣ್ಣ ಮಾತಿಗೂ ಉಕ್ಕುವ ಸಿಟ್ಟನ್ನೂ, ಪ್ರಾರ್ಥನೆಗೆ ಕುಳಿತರೆ ಕೆಲಸದ ಪಟ್ಟಿಯೇ ಕಣ್ಮುಂದೆ ಬರುವ ತೊಳಲಾಟವನ್ನೂ ಹೇಳಿಕೊಂಡು ಬಂದಿದ್ದರು. ತಮ್ಮ ಚರ್ಚಿನಲ್ಲಿ ಮಕ್ಕಳು, ಹದಿಹರೆಯದವರು ಮತ್ತು ಕುಟುಂಬಗಳಿಗಾಗಿ ನಡೆಯುವ ಎಲ್ಲ ಸಮುದಾಯ ಕಾರ್ಯಕ್ರಮಗಳ ಸಂಯೋಜಕಿ ಅವರೇ. ರಜಾಕಾಲದ ಬೈಬಲ್ ಶಾಲೆ, ವಾರದ ಯುವಜನ ಕೂಟ, ತಿಂಗಳ ಕುಟುಂಬ ಸಂಜೆ, ಮನೆಭೇಟಿ ಎಲ್ಲವೂ ಅವರ ಹೆಗಲ ಮೇಲಿದ್ದವು. ಮೊದಲ ದಿನ ತುಂಬಿರುತ್ತಿದ್ದ ಕೊಠಡಿ ಕ್ರಮೇಣ ಬರಿದಾಗುತ್ತಿತ್ತು. ಹೆತ್ತವರು ಮಕ್ಕಳನ್ನು ಗೇಟಿನ ಬಳಿ ಬಿಟ್ಟು ಹೊರಟುಹೋಗುತ್ತಿದ್ದರು. ಎಲ್ಲಕ್ಕಿಂತ ಹೆಚ್ಚಾಗಿ, ಅವರ ಹದಿಹರೆಯದ ಮಗಳು ಇನ್ನು ಮುಂದೆ ಯುವಜನ ಕೂಟಕ್ಕೆ ಬರುವುದಿಲ್ಲವೆಂದು ಹೇಳಿಬಿಟ್ಟಿದ್ದಳು. ಅವಳನ್ನು ಒಪ್ಪಿಸುವುದು ಹೇಗೆ ಎಂಬುದೇ ತಾಯಿಯ ಪ್ರಶ್ನೆಯಾಗಿತ್ತು.

ನಿದ್ರೆಯ ತೊಂದರೆ ಬಹುಕಾಲದ್ದಾಗಿದ್ದರಿಂದ ಮೊದಲು ವೈದ್ಯರನ್ನು ಕಾಣಲು ಸೂಚಿಸಿದೆ. ಬಳಿಕ, ಪ್ರತಿ ಕಾರ್ಯಕ್ರಮದ ಪ್ರತಿ ಕೆಲಸವನ್ನೂ, ಅದನ್ನು ಯಾರು ಮಾಡುತ್ತಾರೆಂಬುದನ್ನೂ ಬರೆದು ತರುವಂತೆ ಕೇಳಿದೆ. ಅವರು ತಂದ ಹಾಳೆಯಲ್ಲಿ ಬೇರೆಯವರ ಹೆಸರುಗಳಿದ್ದರೂ ಪ್ರತಿ ನಿರ್ಧಾರವೂ ಅವರಲ್ಲಿಗೇ ಬಂದು ಮುಗಿಯುತ್ತಿತ್ತು. ಆಪ್ತಸಲಹೆಗಾರರು ತಮ್ಮ ನಂಬಿಕೆಯನ್ನು ಎದುರಿಗಿರುವವರ ಮೇಲೆ ಹೇರಬಾರದು. ಆದರೆ ಎದುರಿಗಿರುವವರ ನಂಬಿಕೆಯೇ ಅವರ ಬಲವಾಗಿರುವಾಗ ಅದನ್ನು ಬಳಸದಿರುವುದೂ ಸರಿಯಲ್ಲ. ಆದ್ದರಿಂದ ಬೈಬಲಿನ ವಿಮೋಚನಕಾಂಡದ 18ನೆಯ ಅಧ್ಯಾಯವನ್ನು ಅವರೇ ಓದಿ ಬರಲೆಂದು ಹೇಳಿದೆ. ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಕುಳಿತು ಜನರ ವ್ಯಾಜ್ಯಗಳನ್ನು ತೀರಿಸುತ್ತಿದ್ದ ಇಸ್ರಾಯೇಲರ ನಾಯಕ ಮೋಶೆಗೆ ಮಾವನಾದ ಇತ್ರೋನನು, ಇದರಿಂದ ನೀನೂ ಬಳಲುವೆ, ಜನರೂ ಬಳಲುವರು ಎಂದು ಎಚ್ಚರಿಸುವ ಭಾಗವದು. ಜನರೂ ಬಳಲುತ್ತಾರೆಂಬ ಆ ಮಾತು ಅವರನ್ನು ತಟ್ಟಿತು. ತಮ್ಮ ದಣಿವನ್ನು ತ್ಯಾಗವೆಂದು ತಿಳಿದಿದ್ದವರಿಗೆ, ಅದು ಮಕ್ಕಳ ಮೇಲೂ ಹೊರೆಯಾಗುತ್ತಿರಬಹುದೆಂದು ಆಗಲೇ ತೋರಿದ್ದು.

ಅವರ ಯೋಜನೆ ವರ್ಷದ ಕ್ಯಾಲೆಂಡರಿನಿಂದ ಶುರುವಾಗುತ್ತಿತ್ತು, ಬರುವ ಜನರಿಂದಲ್ಲ. ಈ ಬಗೆಯ ಸೇವೆಯ ಇತಿಹಾಸ ನೋಡಿದರೆ ಕ್ರಮ ತಿರುವುಮುರುವಾಗಿದೆ. 1780ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್‌ನಲ್ಲಿ ರಾಬರ್ಟ್ ರೇಕ್ಸ್ ಭಾನುವಾರದ ಶಾಲೆ ಆರಂಭಿಸಿದ್ದು, ವಾರವಿಡೀ ದುಡಿಯುವ ಬಡಮಕ್ಕಳಿಗೆ ಅದೊಂದೇ ದಿನ ಬಿಡುವಿರುತ್ತಿದ್ದುದನ್ನು ಕಂಡು. ಅಲ್ಲಿ ಓದುವುದನ್ನೂ ಕಲಿಸುತ್ತಿದ್ದರು. 1844ರಲ್ಲಿ ಜಾರ್ಜ್ ವಿಲಿಯಮ್ಸ್ ಮತ್ತು ಸಂಗಡಿಗರು ಲಂಡನ್ನಿನಲ್ಲಿ ವೈ.ಎಂ.ಸಿ.ಎ. ಎಂಬ ಕ್ರೈಸ್ತ ಯುವಕರ ಸಂಘವನ್ನು ಕಟ್ಟಿದ್ದು, ತಮ್ಮಂತೆಯೇ ಬಟ್ಟೆಯಂಗಡಿಗಳಲ್ಲಿ ದುಡಿಯುತ್ತಿದ್ದ ಯುವಕರ ಬದುಕನ್ನು ಒಳಗಿನಿಂದ ಬಲ್ಲವರಾಗಿ. ಹಾಗಾಗಿ ಹೊಸದೇನನ್ನೂ ಯೋಜಿಸದೆ, ಕೆಲವು ಕುಟುಂಬಗಳ ಬಳಿಗೆ ಹೋಗಿ ಅವರ ವಾರ ಹೇಗೆ ಕಳೆಯುತ್ತದೆಂದು ಕೇವಲ ಕೇಳಿಬರಲು ಸಲಹೆ ನೀಡಿದೆ. ಗೇಟಿನಿಂದಲೇ ಹಿಂದಿರುಗುತ್ತಿದ್ದ ಹೆತ್ತವರಲ್ಲಿ ಅನೇಕರಿಗೆ ಉದಾಸೀನವಿರಲಿಲ್ಲ. ಆ ಒಂದೆರಡು ಗಂಟೆಯೇ ಅವರಿಗೆ ವಾರದಲ್ಲಿ ಸಿಗುವ ವಿಶ್ರಾಂತಿಯಾಗಿತ್ತು.

ಮಗಳೊಂದಿಗೆ, ಇಬ್ಬರ ಒಪ್ಪಿಗೆಯ ಮೇಲೆ, ಪ್ರತ್ಯೇಕವಾಗಿ ಮಾತನಾಡಿದೆ. ಅವಳಾಗಿಯೇ ತಾಯಿಗೆ ತಿಳಿಸಲು ಒಪ್ಪಿದ ಸಂಗತಿ ಇದು: ಮನೆಯಲ್ಲಿ ತಾನು ಆಡಿದ ಮಾತುಗಳನ್ನೂ, ಪರೀಕ್ಷೆಯ ಭಯವನ್ನೂ, ಗೆಳತಿಯೊಂದಿಗಿನ ಮನಸ್ತಾಪವನ್ನೂ ತಾಯಿ ಕೂಟದಲ್ಲಿ ಬೋಧನೆಯ ಉದಾಹರಣೆಗಳಾಗಿ ಬಳಸುತ್ತಿದ್ದರು. ಹೆಸರು ಹೇಳದಿದ್ದರೂ ಕೇಳುವವರೆಲ್ಲರಿಗೂ ಅದು ಯಾರೆಂದು ತಿಳಿಯುತ್ತಿತ್ತು. ಅವಳಿಗೆ ದೇವರ ಮೇಲೆ ಮುನಿಸಿರಲಿಲ್ಲ, ಮನೆಯ ಮಾತು ಮನೆಯಲ್ಲಿ ಉಳಿಯುವುದಿಲ್ಲವೆಂಬ ನೋವಿತ್ತು. ಯಾವ ಮಗುವಿನ ಅನುಭವವನ್ನೂ ಆ ಮಗುವಿನ ಒಪ್ಪಿಗೆಯಿಲ್ಲದೆ ವೇದಿಕೆಗೆ ತರಬಾರದು ಎಂಬುದು ನಾನು ಕೊಟ್ಟ ಸಲಹೆಗಳಲ್ಲಿ ಅತ್ಯಂತ ಮುಖ್ಯವಾದುದು. ಕೂಟಕ್ಕೆ ಬರುವುದು ಬಿಡುವುದು ಮಗಳ ಆಯ್ಕೆಯಾಗಿರಲಿ, ಅದನ್ನು ತಾಯಿಯ ಸೇವೆಯ ಯಶಸ್ಸಿಗೆ ಸಾಕ್ಷಿಯಾಗಿಸಬಾರದು ಎಂದೂ ಹೇಳಿದೆ. 1989ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯು ತಮಗೆ ಸಂಬಂಧಿಸಿದ ವಿಷಯಗಳಲ್ಲಿ ಮಾತನಾಡುವ ಹಕ್ಕನ್ನು 12ನೆಯ ವಿಧಿಯಲ್ಲೂ, ಆತ್ಮಸಾಕ್ಷಿ ಮತ್ತು ಧರ್ಮದ ಸ್ವಾತಂತ್ರ್ಯವನ್ನು 14ನೆಯ ವಿಧಿಯಲ್ಲೂ ಮಕ್ಕಳಿಗೆ ಮಾನ್ಯ ಮಾಡಿದೆ. ಹೆತ್ತವರ ಮಾರ್ಗದರ್ಶನಕ್ಕೂ ಅಲ್ಲಿ ಸ್ಥಾನವಿದೆ.

ಇತರ ಹದಿಹರೆಯದವರ ವಿಷಯದಲ್ಲೂ ಇದೇ ನ್ಯಾಯ. ಲೂಕನ ಸುವಾರ್ತೆಯ ಎರಡನೆಯ ಅಧ್ಯಾಯದಲ್ಲಿ 12 ವರ್ಷದ ಯೇಸು ದೇವಾಲಯದಲ್ಲಿ ಬೋಧಕರ ನಡುವೆ ಕುಳಿತು ಅವರ ಮಾತು ಕೇಳುತ್ತಾನೆ, ಪ್ರಶ್ನೆಗಳನ್ನೂ ಹಾಕುತ್ತಾನೆ. ಈ ಸಂಯೋಜಕಿಯ ಕೂಟದಲ್ಲಿ ಪ್ರಶ್ನೆಗೆಂದು ಸಮಯವೇ ಇರಲಿಲ್ಲ. ಪ್ರತಿ ಕೂಟದ ಅರ್ಧ ಭಾಗವನ್ನು ಮಾತುಕತೆಗೆ ಮೀಸಲಿಡಲು, ಸಂದೇಹ ಹೇಳಿದವರನ್ನು ತಿದ್ದಲು ಆತುರಪಡದಿರಲು, ಕಾರ್ಯಕ್ರಮದ ಒಂದು ನಿಜವಾದ ಭಾಗವನ್ನು ಅದರ ಖರ್ಚುವೆಚ್ಚದ ಸಮೇತ ಯುವಜನರಿಗೇ ವಹಿಸಲು ಸೂಚಿಸಿದೆ. ಕುರ್ಚಿ ಜೋಡಿಸುವ ಕೆಲಸವನ್ನಷ್ಟೇ ಕೊಟ್ಟು ಅದನ್ನು ನಾಯಕತ್ವವೆಂದು ಕರೆದರೆ ಮಕ್ಕಳಿಗೆ ಕೂಡಲೇ ಗೊತ್ತಾಗುತ್ತದೆ.

ಕುಟುಂಬ ಸಂಜೆಯ ಆಮಂತ್ರಣದ ಕುರಿತೂ ಚರ್ಚಿಸಿದೆವು. ಪ್ರಾರ್ಥನೆ ಮತ್ತು ಬೈಬಲ್ ಕಥೆ ಇರುತ್ತವೆಂಬುದನ್ನು ಅದರಲ್ಲಿ ಸ್ಪಷ್ಟವಾಗಿ ಬರೆಯಬೇಕು; ಆಟವೆಂದು ಕರೆದು ಬೋಧನೆ ಮಾಡಿದರೆ, ಅನ್ಯಧರ್ಮದ ನೆರೆಯವರ ವಿಶ್ವಾಸ ಒಮ್ಮೆಗೇ ಮುರಿಯುತ್ತದೆ. ಶಾಲಾ ಪಾಠದ ನೆರವಾಗಲಿ ಬೇರಾವ ಸಹಾಯವಾಗಲಿ, ನಂಬಿಕೆಯ ಒಪ್ಪಿಗೆಗೆ ಪ್ರತಿಯಾಗಿರಬಾರದು. ಹೆತ್ತವರ ಅರಿವಿಲ್ಲದೆ ಯಾವ ಮಗುವಿನಿಂದಲೂ ಧಾರ್ಮಿಕ ನಿರ್ಧಾರ ಪಡೆಯಬಾರದು.

ಮಕ್ಕಳ ಸುರಕ್ಷತೆಯ ವಿಷಯದಲ್ಲಿ ನಾನು ಸಲಹೆಯ ಮೃದುತ್ವ ಬಿಟ್ಟು ಖಡಾಖಂಡಿತವಾಗಿ ಮಾತನಾಡಿದೆ. ಒಬ್ಬ ವಯಸ್ಕ ಒಂದು ಮಗುವಿನೊಂದಿಗೆ ಮುಚ್ಚಿದ ಕೋಣೆಯಲ್ಲಿ ಇರಕೂಡದು, ಎಷ್ಟೇ ಪರಿಚಿತರಾದರೂ ಹಿನ್ನೆಲೆ ವಿಚಾರಿಸದೆ ಯಾರನ್ನೂ ಸ್ವಯಂಸೇವಕರಾಗಿ ಸೇರಿಸಿಕೊಳ್ಳಕೂಡದು, ಹದಿಹರೆಯದವರಿಗೆ ಖಾಸಗಿಯಾಗಿ ಸಂದೇಶ ಕಳಿಸಕೂಡದು. ಮಗುವೊಂದು ದೌರ್ಜನ್ಯದ ಸಂಗತಿ ಹೇಳಿಕೊಂಡರೆ, ಗುಟ್ಟಾಗಿಡುವೆನೆಂದು ಮಾತು ಕೊಡದೆ, ಕಾನೂನು ಸೂಚಿಸುವ ಅಧಿಕಾರಿಗಳಿಗೆ ತಿಳಿಸಲೇಬೇಕು.

ಸಂಯೋಜಕಿ ಕಡಿತಗೊಳಿಸಿದ ಯೋಜನೆಯನ್ನು ಸಭಾಪಾಲಕರ ಮುಂದಿಟ್ಟರು. ಆರಂಭದಲ್ಲಿ ಹಿಂಜರಿದ ಅವರು, ಕೊನೆಗೆ ಮನೆಭೇಟಿಯ ಹೊಣೆಯನ್ನು ಹಿರಿಯರಿಗೆ ಹಂಚಿ, ಕುಟುಂಬ ಸಂಜೆಯನ್ನು ಸದ್ಯಕ್ಕೆ ನಿಲ್ಲಿಸಲು ಒಪ್ಪಿದರು. ತಾಯಿ ಮಗಳ ಕ್ಷಮೆ ಕೇಳಿದ್ದಾರೆ. ಮಗಳು ಕೂಟಕ್ಕೆ ಇನ್ನೂ ಹೋಗುತ್ತಿಲ್ಲ, ಆದರೆ ತಾಯಿಯೊಂದಿಗೆ ಮತ್ತೆ ಮಾತನಾಡುತ್ತಾಳೆ. ನಿದ್ರೆ ಸುಧಾರಿಸಿದೆ. ಹಾಜರಿ ಇಳಿದಾಗ ಕಾಡುವ ಅಪರಾಧಿ ಭಾವ ಮಾತ್ರ ಉಳಿದಿದೆ. ಅದಕ್ಕಾಗಿ, ಬಂದವರ ಸಂಖ್ಯೆಯ ಬದಲು ಬಾರದಿದ್ದ ಮಕ್ಕಳ ಹೆಸರುಗಳನ್ನೂ, ಅವರನ್ನು ವಿಚಾರಿಸುವವರ ಹೆಸರುಗಳನ್ನೂ ದಾಖಲಿಸುವ ಅಭ್ಯಾಸವನ್ನು ಈಗ ಆರಂಭಿಸಿದ್ದೇವೆ.