ಗೋವಾದ ಪಾವು, ಮೈಸೂರಿನ ಪಾವು

ಗೋವಾದ ಬ್ರೆಡ್ಡಿಗೆ ಪಾವ್ ಅಂತಾರೆ. ನಾಲ್ಕು ಬ್ರೆಡ್ಡು ಅಂಟಿಕೊಂಡಿರುವ ಲಾದಿಯಲ್ಲಿ ಒಂದೊಂದೂ ಕಾಲು ಭಾಗ, ಅದಕ್ಕೇ ಪಾವ್ ಅನ್ನೋ ಹೆಸರು ಬಂತಾ ಅಂತ ಮೈಸೂರಿನ ನೀವು ಕೇಳಿದ್ದೀರಿ. ಅಲ್ಲ. ಲಾದಿಯಲ್ಲಿ ಆರು ಇದ್ದರೂ ಅದು ಪಾವೇ. ಹಿಂದಿಯಲ್ಲಿ ಪಾಂವ್ ಅಂದರೆ ಕಾಲು, ಹಿಟ್ಟನ್ನು ಕಾಲಲ್ಲಿ ತುಳಿದು ನಾದುತ್ತಿದ್ದರು, ಅದಕ್ಕೇ ಪಾವ್ ಅನ್ನೋದೂ ಕಟ್ಟುಕತೆ.

ಇದು ಪೋರ್ಚುಗೀಸರ ಮಾತು. ಬ್ರೆಡ್ಡಿಗೆ ಅವರು ಮೂಗಿನಲ್ಲಿ 'ಪಾಂವ್' ಅಂತಾರೆ. ಅದರ ಬೇರು ಲ್ಯಾಟಿನ್ನಿನ 'ಪಾನಿಸ್'. ಅವರು ಗೋವಾ ಹಿಡಿದದ್ದು 1510ರಲ್ಲಿ. ಯೀಸ್ಟ್ ಸಿಗದ ಕಾಲಕ್ಕೆ ಹಿಟ್ಟು ಉಬ್ಬಲಿ ಅಂತ ತೆಂಗಿನ ಶೇಂದಿ ಹಾಕುತ್ತಿದ್ದರು. ಜಪಾನಿನವರು ಬ್ರೆಡ್ಡಿಗೆ 'ಪಾನ್' ಅನ್ನೋದೂ ಇದೇ ಪೋರ್ಚುಗೀಸ್ ಬಳುವಳಿ. ಗೋವಾದಲ್ಲಿ ನಸುಕಿಗೆ ಸೈಕಲ್ಲಿಗೆ ಬುಟ್ಟಿ ಕಟ್ಟಿ, ಪೊಂ ಪೊಂ ಅಂತ ಹಾರ್ನ್ ಒತ್ತುತ್ತ ಬರುವ ಪೊದೇರನ, ಅಂದರೆ ಬ್ರೆಡ್ಡಿನವನ ಬಳಿ ಗಟ್ಟಿ ಸಿಪ್ಪೆಯ ಉಂಡೋ ಇರುತ್ತದೆ, ಗೋಧಿ ತವುಡು ಬೆರೆಸಿದ ಪೋಯಿ ಇರುತ್ತದೆ. ಪೋಯಿಯ ಹೊಟ್ಟೆ ಟೊಳ್ಳು, ಪಲ್ಯ ತುಂಬಲು ಅನುಕೂಲ.

ನಿಮ್ಮ ಕಡೆಯ ಪಾವು ಬೇರೆ. ಅದು ಸಂಸ್ಕೃತದ 'ಪಾದ' ಸವೆದು ಆದದ್ದು, ಅಂದರೆ ಕಾಲುಭಾಗ. ನಾಲ್ಕು ಪಾವಿಗೆ ಒಂದು ಸೇರು. ಮೈಸೂರಲ್ಲಿ ಪಾವಿನಿಂದ ಅಕ್ಕಿ ಅಳೆಯುತ್ತೀರಿ. ಇಲ್ಲಿ ಗೋವಾದಲ್ಲಿ ಅದು ತಕ್ಕಡಿಯ ಮಾತು, ಪಾವ್ ಕಿಲೊ ಅಂದರೆ 250 ಗ್ರಾಂ. ಮರಾಠಿಯಲ್ಲಿ 'ಪಾವಣೆ ತೀನ್' ಅಂದರೆ ಮೂರಕ್ಕೆ ಕಾಲು ಕಮ್ಮಿ, ಗಡಿಯಾರದಲ್ಲಿ 2:45. ಧಾರವಾಡ, ವಿಜಯಪುರದವರಿಗೆ ಇದು ರೂಢಿ. ಮೈಸೂರಿನವರು 3:15 ಅಂತ ಲೆಕ್ಕ ಹಾಕಿ ಬಸ್ ತಪ್ಪಿಸಿಕೊಳ್ಳುತ್ತಾರೆ. ಅಂಗಡಿಯಲ್ಲಿ ಗುರುತು ಸುಲಭ: ಪಾವ್ ಆದ ಮೇಲೆ 'ಕಿಲೊ' ಬಂದರೆ ತೂಕ, ಮುಂಚೆ 'ಚಾರ್' (ನಾಲ್ಕು), 'ಸ' (ಆರು) ಅಂತ ಎಣಿಕೆ ಬಂದರೆ ಬ್ರೆಡ್. ಬರೀ 'ಪಾವ್' ಅಂದಿರೋ, ಬ್ರೆಡ್ಡೇ ಕೈಗೆ ಬರುತ್ತದೆ.

ಇವೆರಡಕ್ಕೂ ಸಂಬಂಧವಿಲ್ಲದ ಮೂರನೆಯದು ನಮ್ಮದೇ. ಹಳಗನ್ನಡದಲ್ಲಿ 'ಪಾವು' ಅಂದರೆ ಹಾವು. ಪಾಲು ಹಾಲಾದ ಹಾಗೆ ಪಾವು ಹಾವಾಯಿತು. ತಮಿಳಿನ ಪಾಂಬು, ತೆಲುಗಿನ ಪಾಮು ಪಕಾರ ಬಿಡಲಿಲ್ಲ.

ಆದರೆ ದುಡ್ಡಿನ ತೊಡಕು ತರೋದು ಪಾವತಿ. ಕನ್ನಡದಲ್ಲಿ ಪಾವತಿ ಅಂದರೆ ಹಣ ಕಟ್ಟೋದು. ಮರಾಠಿ, ಕೊಂಕಣಿಯಲ್ಲಿ ರಸೀದಿ. ಎರಡರ ಮೂಲವೂ 'ಪಾವ್', ಅಂದರೆ ತಲುಪು, ಸಿಗು. ಕೊಂಕಣಿಯಲ್ಲಿ 'ಪಾವ್ಲೊ' ಅಂದರೆ ಬಂದು ಮುಟ್ಟಿದ. ಕೌಂಟರಿನವರು ಪಾವತಿ ಸಿಕ್ಕಿತಾ ಅಂತ ಕೇಳಿದರೆ, ದುಡ್ಡು ಕಟ್ಟಿದ್ದೀನಿ ಅನ್ನೋ ಅರ್ಥದಲ್ಲಿ ಹೂಂ ಅನ್ನಬೇಡಿ. ಚೀಟಿ ಅಲ್ಲೇ ಉಳಿಯುತ್ತದೆ.