ಉಪಗ್ರಹಕ್ಕೆ ಕಾಣದ ಕಡಲು

ಕಡಲಿನ ಮೇಲೆ ಇಷ್ಟೊಂದು ಉಪಗ್ರಹಗಳ ಕಣ್ಣಿರುವಾಗ ದೋಣಿಯಲ್ಲಿ ಹೋಗಿ ಸೀಸೆಗಳಲ್ಲಿ ನೀರು ತುಂಬಿ ತರುವ ಸಂಶೋಧನೆ ಇನ್ನೂ ಏಕೆ ಬೇಕು, ಅದರಿಂದ ಕಡಲಿಗೆ ಯಾವ ರಕ್ಷಣೆ ಸಿಗುತ್ತದೆ ಎಂದು ತಾವು ಕೇಳಿದ್ದೀರಿ. ವಿದ್ಯಾರ್ಥಿಯಾಗಿದ್ದಾಗ ನಮ್ಮ ಕರಾವಳಿಯಲ್ಲಿ ಅದೇ ಕೆಲಸ ಮಾಡಿದವನು ನಾನು. ಆದ್ದರಿಂದ ಹತ್ತಿರದಿಂದ ಕಂಡ ಅರಬ್ಬೀ ಸಮುದ್ರದ ಉದಾಹರಣೆಯನ್ನೇ ಹಿಡಿದು ಉತ್ತರಿಸುತ್ತೇನೆ.

ಉಪಗ್ರಹಗಳು ಮೇಲ್ಮೈಯ ಉಷ್ಣತೆಯನ್ನೂ, ನೀರಿನ ಬಣ್ಣದ ಮೂಲಕ ಸೂಕ್ಷ್ಮಪಾಚಿಯ ಪ್ರಮಾಣವನ್ನೂ ಅಳೆಯುತ್ತವೆ. ಹೈದರಾಬಾದಿನ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯಿಸ್ ಮೀನುಗಾರರಿಗೆ ಮೀನು ಸಿಗುವ ತಾಣಗಳನ್ನು ತಿಳಿಸುವುದು ಈ ಮಾಹಿತಿಯ ಬಲದಿಂದಲೇ. ಆದರೆ ತಳದ ನೀರಿನಲ್ಲಿ ಎಷ್ಟು ಆಮ್ಲಜನಕ ಕರಗಿದೆ ಎಂಬುದು ಆಕಾಶದಿಂದ ಕಾಣುವುದಿಲ್ಲ. ಮುಂಗಾರಿನಲ್ಲಿ ನಮ್ಮ ಪಶ್ಚಿಮ ಕರಾವಳಿಯ ದಡದ ಕಡೆಗೆ ಆಳದ ತಣ್ಣನೆಯ ನೀರು ಏರಿ ಬರುತ್ತದೆ. ಅದರಲ್ಲಿ ಪೋಷಕಾಂಶ ಹೆಚ್ಚು, ಆಮ್ಲಜನಕ ಕಡಿಮೆ. ಮಳೆ ಮತ್ತು ನದಿಗಳ ಹಗುರವಾದ ಸಿಹಿನೀರು ಅದರ ಮೇಲೆ ಮುಚ್ಚಳದಂತೆ ಹರಡಿಕೊಳ್ಳುವುದರಿಂದ ಗಾಳಿಯ ಆಮ್ಲಜನಕ ಕೆಳಗಿಳಿಯುವುದು ಕಷ್ಟವಾಗುತ್ತದೆ. ಮೇಲೆ ಸೊಂಪಾಗಿ ಬೆಳೆದ ಪಾಚಿ ಸತ್ತು ತಳದಲ್ಲಿ ಕೊಳೆಯುವಾಗ, ಇದ್ದಷ್ಟು ಆಮ್ಲಜನಕವೂ ಖರ್ಚಾಗಿಬಿಡುತ್ತದೆ.

ಇದನ್ನು ನಾನು ಕಣ್ಣಾರೆ ಕಂಡದ್ದು ಒಂದು ಸೆಪ್ಟೆಂಬರಿನಲ್ಲಿ. ನೀರನ್ನು ಗಾಳಿಗುಳ್ಳೆ ಸೇರದಂತೆ ಸೀಸೆಗಿಳಿಸಿ, ದೋಣಿಯಲ್ಲಿಯೇ ಮ್ಯಾಂಗನೀಸ್ ಲವಣವನ್ನೂ ಕ್ಷಾರ ಬೆರೆತ ಅಯೊಡೈಡನ್ನೂ ಹಾಕಿ ಮುಚ್ಚಬೇಕು. ಆಮ್ಲಜನಕವಿದ್ದರೆ ಕಂದು ಗಸಿ ಇಳಿಯುತ್ತದೆ. ಮೇಲ್ಮೈಯ ನೀರಿನ ಸೀಸೆಯಲ್ಲಿ ಗಸಿ ಕಾಫಿಪುಡಿಯಂತೆ ಕಂದಾಗಿತ್ತು. ಸುಮಾರು 25 ಮೀಟರ್ ಕೆಳಗಿನ ನೀರಿನಲ್ಲಿ ಅದು ಹಾಲಿನಂತೆ ಬೆಳ್ಳಗೆ ಉಳಿದುಬಿಟ್ಟಿತು. ಆ ಎರಡು ಸೀಸೆಗಳನ್ನು ಅಕ್ಕಪಕ್ಕ ಹಿಡಿದು ನೋಡಿದ ಮೇಲೆ, ಆ ದಿನಗಳಲ್ಲಿ ತಳದ ಮೀನು ಬಲೆಗೆ ಏಕೆ ಬೀಳುವುದಿಲ್ಲ ಎಂದು ಯಾರೂ ನನಗೆ ವಿವರಿಸಬೇಕಾಗಲಿಲ್ಲ.

ಹಾಗೆಂದು ಒಂದು ದಿನದ ಅಳತೆಯಿಂದ ಏನೂ ಸಾಬೀತಾಗದು. ಈ ಕೊರತೆ ಬಹುಮಟ್ಟಿಗೆ ಪ್ರಕೃತಿಸಹಜವಾಗಿ ಪ್ರತಿವರ್ಷ ಬರುವಂಥದ್ದು. ಹೊಲಗಳ ಗೊಬ್ಬರ, ಊರುಗಳ ಕೊಳಚೆ ಅದಕ್ಕೆ ಎಷ್ಟು ಸೇರಿಸುತ್ತಿವೆ ಎಂದು ಬೇರ್ಪಡಿಸಿ ಹೇಳದ ಹೊರತು ಯಾವುದನ್ನು ತಡೆಯಬೇಕೆಂಬುದೇ ಗೊತ್ತಾಗುವುದಿಲ್ಲ, ಹಾಗೆ ಹೇಳಲು ಒಂದೇ ಜಾಗದಲ್ಲಿ ದಶಕಗಟ್ಟಲೆ ಅಳೆಯಬೇಕು. 1966ರಲ್ಲಿ ಸ್ಥಾಪನೆಯಾದ ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಕ್ಯಾಂಡೊಲಿಮ್ ತೀರದಾಚೆ 1990ರ ದಶಕದಲ್ಲಿ ಕೈಗೆತ್ತಿಕೊಂಡದ್ದು ಇಂಥದೇ ಕೆಲಸ. ಅಲ್ಲಿನ ವಿಜ್ಞಾನಿ ಎಸ್. ಡಬ್ಲ್ಯೂ. ಎ. ನಖ್ವಿ ಮತ್ತು ಸಹೋದ್ಯೋಗಿಗಳು, ಈ ತೀರದ ಆಮ್ಲಜನಕವಿಲ್ಲದ ನೀರಿನಿಂದ ನೈಟ್ರಸ್ ಆಕ್ಸೈಡ್ ಎಂಬ ಹಸಿರುಮನೆ ಅನಿಲ ಹೇರಳವಾಗಿ ಹೊಮ್ಮುತ್ತಿರುವುದನ್ನು 2000ದಲ್ಲಿ ಪ್ರಕಟಿಸಿದರು.

ದೂರದ ಕಡಲಿನಲ್ಲಿ ಈಗ ಆರ್ಗೊ ಎಂಬ ಅಂತರರಾಷ್ಟ್ರೀಯ ಯೋಜನೆಯ ಸುಮಾರು 4000 ತೇಲುಯಂತ್ರಗಳಿವೆ. ಹತ್ತು ದಿನಗಳಿಗೊಮ್ಮೆ 2000 ಮೀಟರ್ ಆಳದಿಂದ ಮೇಲೇರುತ್ತ ಉಷ್ಣತೆ, ಲವಣಾಂಶಗಳನ್ನು ಅಳೆದು ಉಪಗ್ರಹದ ಮೂಲಕ ಕಳುಹಿಸುತ್ತವೆ. ಅದೊಂದು ಮಹತ್ತರ ಸಾಧನೆಯೇ ಸರಿ. ಆದರೆ ಅವು ಆಳಸಮುದ್ರಕ್ಕೆಂದು ರೂಪುಗೊಂಡವು. ನಮ್ಮ ಮೀನುಗಾರರು ಬಲೆ ಬೀಸುವ ದಡದ ಆಳವಿಲ್ಲದ ನೀರಿಗೆ ಇಂದಿಗೂ ದೋಣಿಯೇ ಗತಿ. ಮುಂಗಾರಿನ ಅಬ್ಬರದಲ್ಲಿ ಸಣ್ಣ ದೋಣಿ ಕಡಲಿಗಿಳಿಯಲಾಗದೆ, ಕೆಳಗಿನ ನೀರು ಏರತೊಡಗುವ ಜೂನ್, ಜುಲೈ ತಿಂಗಳುಗಳ ಸಾಲುಗಳು ನನ್ನ ದಾಖಲೆ ಪುಸ್ತಕದಲ್ಲಿ ಖಾಲಿಯಾಗಿಯೇ ಉಳಿದಿವೆ.